ಮೂವತ್ತೊಂದನೆಯ ಮಗು

(ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಹಾಸ್ಟೆಲ್ ಹುಡುಗ ಹುಡುಗಿಯರ ಸಭೆಯಲ್ಲಿ ಆಡಿದ ಮಾತು. ಬಾಯಿಗೆ ಬಂದ ಹಾಗೇ ಬರೆದುಕೊಂಡಿದ್ದೇವೆ.)

ಶಿಕ್ಷಣದ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ಶಿಕ್ಷಣ ದೊಡ್ಡ ಮಾತು. ಅದರ ಮೇಲೆ ಭಾಷಣ ಮಾಡುವವರಿಗೆ ನಮ್ಮ ದೇಶದಲ್ಲಿ ಬರ ಇಲ್ಲ. ನಾನು ಒಂದು ಶಾಲೆಯ ಬಾಗಿಲ ಬಗ್ಗೆ ಮಾತ್ರ ಹೇಳ್ತೇನೆ.

ಕಳೆದ ಮೇ ತಿಂಗಳ ಕೊನೆ. ನಮ್ಮ ಕೇರಿಯ ಒಬ್ಬಳು ತಂಗಿ ಬೆಳಗಾಗುವುದರೊಳಗೆ ಮನೆಗೆ ಬಂದಳು. ಅಳಿವೆಯಲ್ಲಿ ನೀರು ಇಳಿದಾಗ ಬಳಚು ಹೆಕ್ಕಿ, ಪೇಟೆಯಲ್ಲಿ ಕೂತು ಮಾರುವವಳು. "ಅಣ್ಣಾ, ಮಗನ್ನ ಪೇಟೆ ಸರಕಾರಿ ಶಾಲೆಗೆ ಹಾಕ್ಬೇಕು. ಅಲ್ಲಿ ಇಂಗ್ಲಿಷ್ ಒಂದನೇ ಕ್ಲಾಸು ಇದ್ಯಂತೆ. ನೀನೊಮ್ಮೆ ಸಂಗಡ ಬಾ, ನಂಗೆ ಅಲ್ಲಿ ಮಾತಾಡೂಕೆ ಬರೂದಿಲ್ಲ" ಅಂದಳು. ಹೋದೆವು. ಬಾಗಿಲಲ್ಲೇ ಒಂದು ಕಾಗದ ಅಂಟಿಸಿತ್ತು: 30 ಸೀಟು ಭರ್ತಿಯಾಗಿದೆ.

ಮಾಸ್ತರು ಒಳ್ಳೆಯವರೇ. ಕೂತ್ಕೊಳ್ಳಿ ಅಂದರು, ನೀರು ಕೊಟ್ಟರು. ಜಾತಿ ಕೇಳಲಿಲ್ಲ. "ನಿಮ್ಮ ಊರಲ್ಲೇ ಶಾಲೆ ಇದೆಯಲ್ಲ, ಅದೇ ನಿಮಗೆ ಹತ್ತಿರ" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾವು ತಿರುಗಿ ಬಂದೆವು.

ದಾರಿಯಲ್ಲಿ ಅವಳು ಒಂದು ಪ್ರಶ್ನೆ ಕೇಳಿದಳು. "ಅಣ್ಣಾ, ಆ ಮೂವತ್ತರೊಳಗೆ ನಮ್ಮೋರ ಮಕ್ಕಳು ಎಷ್ಟಿದ್ದೋ?"

ನಾನು ಓದಿದವನು. ಹಾಸ್ಟೆಲ್ ಅನ್ನ ತಿಂದು ಡಿಗ್ರಿ ಮಾಡಿದವನು. ನನಗೆ ಉತ್ತರ ಗೊತ್ತಿರಲಿಲ್ಲ. ಕೇಳಬೇಕು ಅಂತಲೇ ನನಗೆ ಹೊಳೆದಿರಲಿಲ್ಲ. ಬಳಚು ಮಾರುವ ಹೆಂಗಸಿಗೆ ಹೊಳೆಯಿತು. ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಯ ಮೇಲೆ.

ಗೆಳೆಯರೇ, ನಮ್ಮನ್ನು ಶಾಲೆಯಿಂದ ಹೊರಗಿಟ್ಟದ್ದು ಹೊಸತಲ್ಲ. ಹೊರಗಿಡುವ ರೀತಿ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. 1856ರ ಜೂನ್‌ನಲ್ಲಿ ಧಾರವಾಡದ ಸರಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನೆ ಕೂರಲಿಲ್ಲ, ಮುಂಬಯಿ ಸರಕಾರಕ್ಕೇ ಬರೆದ. ನ್ಯಾಯ ನಿನ್ನ ಕಡೆ ಇರಬಹುದು, ಆದರೆ ನಿನ್ನೊಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಬಿಟ್ಟುಹೋಗಿ ಶಾಲೆಯೇ ಕೆಡುತ್ತದೆ ಎಂಬ ಅರ್ಥದ ಉತ್ತರ ಬಂತು. ಅರ್ಜಿ ಮೇಲಿನವರೆಗೂ ಹೋಯಿತು. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಸರಕಾರದ ಶಾಲೆಗಳು ಎಲ್ಲ ವರ್ಗಕ್ಕೂ ತೆರೆದಿರಬೇಕು ಅಂತ ತೀರ್ಮಾನ ಮಾಡಿದರು. ಕಾಗದದ ಮೇಲೆ ಬಾಗಿಲು ತೆರೆಯಿತು. ನಿಜದಲ್ಲಿ ಮಗು ಜಗಲಿಯಲ್ಲೇ ಉಳಿಯಿತು. ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿ ಮನೆಯಿಂದ ಗೋಣಿತಟ್ಟು ಹೊತ್ತುಕೊಂಡು ಹೋಗಿ ಬೇರೆ ಕೂತದ್ದು ಈ ತೀರ್ಮಾನ ಆಗಿ ಎಷ್ಟೋ ವರ್ಷದ ಮೇಲೆ.

1923ರ ಆಗಸ್ಟ್‌ನಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸಾಯಿತು. ಸರಕಾರದ ದುಡ್ಡಿನ ಕೆರೆ, ಬಾವಿ, ಧರ್ಮಶಾಲೆ, ಶಾಲೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರ ತನಕ ಮುಂಬಯಿಗೇ ಸೇರಿತ್ತು. ಅಂದರೆ ಆ ಠರಾವು ಕುಮಟೆಗೂ ಬಂದಿತ್ತು, ಹೊನ್ನಾವರಕ್ಕೂ ಬಂದಿತ್ತು, ಭಟ್ಕಳಕ್ಕೂ ಬಂದಿತ್ತು. 1928ರಲ್ಲಿ ಬಾಬಾಸಾಹೇಬರು ಹಿಂದುಳಿದ ವರ್ಗಗಳ ಶಿಕ್ಷಣ ಸಂಸ್ಥೆ ಕಟ್ಟಿದರು. ಅದರ ಹಾಸ್ಟೆಲುಗಳಲ್ಲಿ ಒಂದು ಧಾರವಾಡದಲ್ಲಿತ್ತು. ಯಾಕೆ ಹಾಸ್ಟೆಲ್? ಶಾಲೆ ಇರುವ ಕಡೆ ನಮಗೆ ಮನೆ ಇಲ್ಲ, ಮನೆ ಇರುವ ಕಡೆ ನಮಗೆ ಶಾಲೆ ಇಲ್ಲ. ಈ ದೂರಕ್ಕೆ ಅವರು ಕಂಡುಕೊಂಡ ಉತ್ತರ ಹಾಸ್ಟೆಲ್. ನೀವು ಇವತ್ತು ಮಲಗುವ ಚಾಪೆಗೆ ಅಷ್ಟು ಹಿಂದಿನ ಚರಿತ್ರೆ ಇದೆ. ಮರೀಬೇಡಿ.

ಈಗಿನ ಮಾತಿಗೆ ಬರ್ತೇನೆ. ಈಗ ಯಾರೂ ಜಾತಿ ಹೇಳಿ ಹೊರಗೆ ಹಾಕುವುದಿಲ್ಲ. ಹಾಕಿದರೆ ಕೇಸಾಗುತ್ತದೆ. ಈಗ ಗೆರೆ ಇರುವುದು ನಕ್ಷೆಯ ಮೇಲೆ, ಲೆಕ್ಕದ ಮೇಲೆ. "ನಿಮಗೆ ಹತ್ತಿರದ ಶಾಲೆ ಬೇರೆ", "ಸೀಟು ಭರ್ತಿ". ಈ ಎರಡು ಮಾತನ್ನು ಅರ್ಥ ಮಾಡಿಕೊಳ್ಳಿ.

ಮೊದಲನೆಯದು, ಹತ್ತಿರದ ಶಾಲೆ. ನೆರೆಹೊರೆಯ ಶಾಲೆ ಅನ್ನುವ ವಿಚಾರ ಮೂಲದಲ್ಲಿ ನಮ್ಮ ಪರವಾದದ್ದು. 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗ ಅದನ್ನು ಹೇಳಿತು. ಒಂದು ನೆರೆಹೊರೆಯ ಎಲ್ಲ ಮಕ್ಕಳೂ ಒಂದೇ ಶಾಲೆಗೆ ಹೋಗಬೇಕು. ಒಡೆಯರ ಮಗನೂ ಅಲ್ಲಿಗೆ, ಆಳಿನ ಮಗನೂ ಅಲ್ಲಿಗೆ. ಆಗ ಒಡೆಯರಿಗೂ ಆ ಶಾಲೆ ಚೆನ್ನಾಗಿರಬೇಕು ಅನ್ನಿಸುತ್ತದೆ. 1968ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದನ್ನು ಒಪ್ಪಿತು. ಒಪ್ಪಿ ಕಪಾಟಿನಲ್ಲಿಟ್ಟಿತು. ಒಡೆಯರ ಮಗ ವ್ಯಾನು ಹತ್ತಿ ಖಾಸಗಿ ಶಾಲೆಗೆ ಹೋದ. ನೆರೆಹೊರೆಯ ಶಾಲೆ ಅನ್ನುವುದು ಬೇರೆಲ್ಲೂ ಹೋಗಲಾಗದವರ ಶಾಲೆಯಾಯಿತು.

2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಕೇಂದ್ರದ 2010ರ ನಿಯಮದಲ್ಲಿ ಲೆಕ್ಕ ಹೀಗೆ: ಒಂದರಿಂದ ಐದನೇ ತರಗತಿಗೆ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಒಳಗೆ, ನಡೆದು ಹೋಗುವ ದೂರದಲ್ಲಿ ಶಾಲೆ ಇರಬೇಕು. ಕೇಳೂಕೆ ಚೆಂದ. ಆದರೆ ನಮ್ಮ ಕರಾವಳಿಯ ನೆಲ ನೋಡಿ. ಶರಾವತಿ, ಅಘನಾಶಿನಿ ಅಳಿವೆ, ನಡುವೆ ಗಜನಿ ಗದ್ದೆ, ಹಳ್ಳ, ಮೇಲೆ ಬೆಟ್ಟ. ಊರು ಅಂದರೆ ಒಂದೇ ಕಡೆ ಗುಂಪಾಗಿರುವ ಮನೆಗಳಲ್ಲ. ಒಂದು ಮಜರೆ ಇಲ್ಲಿ, ಇನ್ನೊಂದು ಕೇರಿ ಆಚೆ ದಡದಲ್ಲಿ. ನಕ್ಷೆಯಲ್ಲಿ ಸ್ಕೇಲ್ ಇಟ್ಟರೆ ಅರ್ಧ ಕಿಲೋಮೀಟರ್. ಕಾಲಲ್ಲಿ ನಡೆದರೆ ಕಾಲುಸಂಕ ದಾಟಬೇಕು. ಆಷಾಢದಲ್ಲಿ ಸಂಕ ಮುಳುಗಿದರೆ ಸುತ್ತಿ ಬರಬೇಕು. ಅದರ ಮೇಲೆ 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ನಾಲ್ಕು ಪಥ ಆಯಿತು. ಮೊದಲು ಎರಡು ಹೆಜ್ಜೆಯಲ್ಲಿ ದಾಟುತ್ತಿದ್ದ ರಸ್ತೆ. ಈಗ ಆರು ವರ್ಷದ ಮಗುವನ್ನು ಕೈ ಹಿಡಿದು ದಾಟಿಸಲು ಒಬ್ಬ ದೊಡ್ಡವರು ಬೇಕು. ದೊಡ್ಡವರು ಆ ಹೊತ್ತಿಗೆ ಕೂಲಿಗೆ ಹೋಗಿ ಆಗಿರುತ್ತದೆ. ಸ್ಕೇಲ್ ಇಟ್ಟವರಿಗೆ ಇದು ಕಾಣುವುದಿಲ್ಲ. ನಡೆದವರಿಗೆ ಕಾಣುತ್ತದೆ.

ವಿಚಿತ್ರ ಅಂದರೆ ಅದೇ ನಿಯಮದಲ್ಲಿ ನಮಗೆ ಬೇಕಾದ ಮಾತೂ ಇದೆ. ಕಷ್ಟದ ನೆಲ, ನೆರೆ, ರಸ್ತೆ ಇಲ್ಲದ ಕಡೆ, ಮಕ್ಕಳ ದಾರಿಯಲ್ಲಿ ಅಪಾಯ ಇರುವ ಕಡೆ ಈ ದೂರವನ್ನು ಕಡಿಮೆ ಮಾಡಿ ಶಾಲೆ ಇಡಬೇಕು. ಸಣ್ಣ ಮಜರೆಗಳಲ್ಲಿ ಶಾಲೆ ಇಲ್ಲದಿದ್ದರೆ ಉಚಿತ ವಾಹನವೋ ವಸತಿಯೋ ಕೊಡಬೇಕು. ಜನ ದಟ್ಟವಾಗಿರುವ ಕಡೆ ಒಂದಕ್ಕಿಂತ ಹೆಚ್ಚು ಶಾಲೆ ಇಡಬಹುದು. ಈ ಮೂರು ಮಾತನ್ನು ಎಷ್ಟು ಜನ ಓದಿದ್ದೀರಿ? ಕೈ ಎತ್ತಿ ನೋಡೋಣ. ನೋಡಿ, ಒಬ್ಬರೂ ಇಲ್ಲ. ನಾಚಿಕೆ ಬೇಡ, ನಾನೂ ಓದಿದ್ದು ಆ ತಂಗಿ ಪ್ರಶ್ನೆ ಕೇಳಿದ ಮೇಲೆ.

ಎರಡನೆಯದು, ಸೀಟು ಭರ್ತಿ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿ ಓಡಿತು. ಹೆದ್ದಾರಿ ಅಗಲ ಆಯಿತು. ಮುರ್ಡೇಶ್ವರ, ಗೋಕರ್ಣದ ಕಡೆ ವಸತಿಗೃಹಗಳು ಎದ್ದವು. ಭಟ್ಕಳ ಪೇಟೆ ಜಾಲಿ, ಶಿರಾಲಿಯ ಕಡೆಗೆ ಹರಡಿತು. ಕೆಲಸಕ್ಕೆ ಅಂತ ಹೊರಗಿನಿಂದ ಬಂದವರು ಬಾಡಿಗೆ ಖೋಲಿ ಹಿಡಿದರು. ಹೆದ್ದಾರಿ ಬದಿಯ, ಪೇಟೆಯ ಶಾಲೆಯ ಮೇಲೆ ಎಲ್ಲರ ಕಣ್ಣು ಬಿತ್ತು.

2019-20ರಲ್ಲಿ ರಾಜ್ಯ ಸರಕಾರ 1000 ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ತೆರೆಯಿತು. ಒಂದು ತರಗತಿಗೆ 30 ಮಕ್ಕಳು ಅಂತ ಮಿತಿ ಹಾಕಿತು. ಇಂಗ್ಲಿಷೋ ಕನ್ನಡವೋ ಅನ್ನುವ ಜಗಳ ನಾನು ಇಲ್ಲಿ ಆಡುವುದಿಲ್ಲ, ಅದಕ್ಕೆ ಬೇರೆ ದಿನ ಇದೆ. ಬಡವರು ಇಂಗ್ಲಿಷ್ ಕೇಳಿದರು, ಎಷ್ಟೋ ಕಡೆ ಅರ್ಜಿ ಸೀಟಿಗಿಂತ ಹೆಚ್ಚಾಯಿತು ಅನ್ನುವುದಷ್ಟೇ ನಮ್ಮ ವಿಷಯ. 2018ರಿಂದ ಕರ್ನಾಟಕ ಪಬ್ಲಿಕ್ ಶಾಲೆ ಅಂತ ಮಾಡಿದರು, ಒಂದೇ ಆವರಣದಲ್ಲಿ ಸಣ್ಣವರಿಂದ ಪಿ.ಯು. ತನಕ. ಅಲ್ಲಿ ಎಲ್.ಕೆ.ಜಿ. ಇದ್ದರೆ ನಿಜವಾದ ಬಾಗಿಲು ಅದೇ. ಎಲ್.ಕೆ.ಜಿ.ಗೆ ಹೊಕ್ಕ ಮಗು ಅಲ್ಲೇ ಒಂದನೇ ತರಗತಿಗೆ ಏರುತ್ತದೆ. ನಮ್ಮ ಕೇರಿಯವರು ಆರು ವರ್ಷ ತುಂಬಿದ ಮೇಲೆ ಮಗುವಿನ ಕೈ ಹಿಡಿದು ಹೋಗುತ್ತಾರೆ. ಅಷ್ಟು ಹೊತ್ತಿಗೆ ಮೂವತ್ತು ಆಗಿ ಮುಗಿದಿರುತ್ತದೆ.

ಇದೇ 2019ರಲ್ಲಿ ಇನ್ನೊಂದು ಕೆಲಸ ಆಯಿತು. ಖಾಸಗಿ ಶಾಲೆಗಳು ನೆರೆಹೊರೆಯ ಬಡ ಮಕ್ಕಳಿಗೆ, ನಮ್ಮ ಮಕ್ಕಳಿಗೆ ಶೇಕಡಾ 25 ಸೀಟು ಕೊಡಬೇಕು ಅಂತ ಕಾಯ್ದೆಯಲ್ಲಿತ್ತು. ಹತ್ತಿರದಲ್ಲಿ ಸರಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಿಲ್ಲ ಅಂತ ಕರ್ನಾಟಕ ತನ್ನ ನಿಯಮ ತಿದ್ದಿತು. ಹತ್ತಿರದಲ್ಲಿ ಸರಕಾರಿ ಶಾಲೆ ಇಲ್ಲದ ಊರು ಎಲ್ಲಿದೆ? ಅರ್ಜಿಗಳು ಬಿದ್ದುಹೋದವು. ರಾಜ್ಯ ಹೈಕೋರ್ಟು 2019ರ ಮೇ ಕೊನೆಗೆ ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಮಹಾರಾಷ್ಟ್ರ 2024ರಲ್ಲಿ ಅದೇ ತರ ಮಾಡಿತು. ಅಲ್ಲಿ ಬಾಂಬೆ ಹೈಕೋರ್ಟು ಜುಲೈನಲ್ಲಿ ಅದನ್ನು ಹೊಡೆದು ಹಾಕಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಕೂಡ ಆ ತೀರ್ಪನ್ನು ಮುಟ್ಟಲಿಲ್ಲ. ಒಂದೇ ಕಾಯ್ದೆ, ಎರಡು ರಾಜ್ಯ, ಎರಡು ಉತ್ತರ. ಗೆರೆ ದೇವರು ಎಳೆದದ್ದಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಇದು ನಮ್ಮ ದೇಶದ ಮಾತು ಮಾತ್ರವೂ ಅಲ್ಲ. ಅಮೆರಿಕದ ಕರಿಯ ಜನರ ಹೋರಾಟವನ್ನು ನಮ್ಮ ಚಳವಳಿ ಮೊದಲಿಂದಲೂ ಓದಿಕೊಂಡು ಬಂದಿದೆ. ಅಲ್ಲಿ ಟೊಪೀಕಾ ಅನ್ನುವ ಊರಲ್ಲಿ ಲಿಂಡಾ ಬ್ರೌನ್ ಅನ್ನುವ ಪುಟ್ಟ ಹುಡುಗಿ ಹತ್ತಿರದ ಬಿಳಿಯರ ಶಾಲೆ ಬಿಟ್ಟು ದೂರದ ಕರಿಯರ ಶಾಲೆಗೆ ಹೋಗಬೇಕಾಗಿತ್ತು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದು ತಪ್ಪು ಅಂದಿತು. ಎಲ್ಲರೂ ಗೆದ್ದೆವು ಅಂದುಕೊಂಡರು. ಬಿಳಿಯರು ಊರು ಬಿಟ್ಟು ಹೊರವಲಯಕ್ಕೆ ಹೋಗಿ ಮನೆ ಕಟ್ಟಿದರು, ಅಲ್ಲಿಗೆ ಬೇರೆ ಶಾಲಾ ಜಿಲ್ಲೆ. 1974ರಲ್ಲಿ ಡೆಟ್ರಾಯ್ಟ್ ನಗರದ ಕೇಸಿನಲ್ಲಿ ಅದೇ ಕೋರ್ಟು, ಹೊರವಲಯದವರ ತಪ್ಪು ಸಾಬೀತಾಗದೆ ಆ ಗಡಿ ದಾಟಿಸಿ ಮಕ್ಕಳನ್ನು ಬೆರೆಸುವಂತಿಲ್ಲ ಅಂದುಬಿಟ್ಟಿತು. ಬಾಗಿಲ ಮೇಲಿನ ಬೋರ್ಡು ಕಿತ್ತರು, ನಕ್ಷೆಯ ಗೆರೆ ಹಾಗೇ ಉಳಿಯಿತು. ನಮ್ಮದೂ ಅದೇ ಕತೆ.

ಈಗ ನನ್ನದೇ ಒಂದು ತಪ್ಪು ಹೇಳಿಕೊಳ್ತೇನೆ. ಕೆಲಸ ಸಿಕ್ಕ ಮೇಲೆ ನಾನು ನನ್ನ ಮಗಳನ್ನು ಪೇಟೆಯ ಶಾಲೆಗೆ ಹಾಕಿದೆ. ಅವಳು ನಮ್ಮ ಕೇರಿ ಶಾಲೆಯಿಂದ ಹೊರಬಿದ್ದ ಮೊದಲ ಮಗು. ಅವಳ ಹಿಂದೆ ಇನ್ನೂ ಮೂರು ಮನೆಯವರು ಮಕ್ಕಳನ್ನು ಕಳಿಸಿದರು. "ಮಾಸ್ತರ ಮಗಳೇ ಹೋದ್ಲು, ನಾವ್ಯಾಕೆ ಇಲ್ಲಿ ಇಡೂದು" ಅಂದರು. ಮಕ್ಕಳ ಸಂಖ್ಯೆ ಇಳಿದರೆ ಏನಾಗುತ್ತದೆ ಗೊತ್ತಲ್ಲ. ಕಾಯ್ದೆಯ ಪ್ರಕಾರ ಒಂದರಿಂದ ಐದರ ತನಕ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರ ತನಕ ಮೂವರು. ಮಕ್ಕಳು ಇಳಿದ ಕೂಡಲೇ ಒಬ್ಬರು ‘ಹೆಚ್ಚುವರಿ’ ಅಂತ ಎದ್ದು ಹೋಗುತ್ತಾರೆ. ಐದು ತರಗತಿ, ಇಬ್ಬರು. ಒಬ್ಬರು ಮೀಟಿಂಗಿಗೆ ಹೋದರೆ ಒಬ್ಬರೇ ಅಕ್ಕೋರು. ಆಗ ಇನ್ನೂ ನಾಲ್ಕು ಮನೆಯವರು ಬಿಡುತ್ತಾರೆ. ಕೊನೆಗೆ ಉಳಿಯುವವರು ಯಾರು? ರಿಕ್ಷಾಕ್ಕೆ ದುಡ್ಡಿಲ್ಲದವರು. ಬಳಚು ಹೆಕ್ಕುವವರ ಮಕ್ಕಳು.

ಅಂದರೆ ಪೇಟೆ ಶಾಲೆ ತುಂಬಿ ತುಳುಕುವುದೂ ಕೇರಿ ಶಾಲೆ ಖಾಲಿಯಾಗುವುದೂ ಎರಡು ರೋಗ ಅಲ್ಲ, ಒಂದೇ ರೋಗ. ಅಲ್ಲಿ ಒಂದು ಮಗು ಮೂವತ್ತೊಂದನೆಯದಾಗಿ ಬಾಗಿಲಲ್ಲಿ ನಿಂತಿದೆ. ಇಲ್ಲಿ ಹತ್ತೊಂಬತ್ತು ಮಕ್ಕಳು ಒಬ್ಬ ಅಕ್ಕೋರ ಮುಂದೆ ಕೂತಿವೆ. ಇಬ್ಬರೂ ನಮ್ಮವರೇ. ಒಂದು ಮಗುವನ್ನು ಪೇಟೆಗೆ ದಾಟಿಸಿ ನಾವು ಕೈ ತೊಳೆದುಕೊಂಡರೆ ಹತ್ತೊಂಬತ್ತು ಹದಿನೆಂಟಾಯಿತು, ಅಷ್ಟೇ. ಹಾಗಂತ ಕೇರಿ ಶಾಲೆ ಉಳಿಸಬೇಕು, ನಿಮ್ಮ ಮಗುವನ್ನು ಇಲ್ಲೇ ಇಡಿ ಅಂತ ಬಡ ತಾಯಿಗೆ ಹೇಳೂಕೆ ನನಗೆ ಬಾಯಿ ಬರುವುದಿಲ್ಲ. ನನ್ನ ಮಗಳನ್ನು ಕಳಿಸಿದವನು ನಾನು. ಅವಳ ಮಗನ ಬೆನ್ನ ಮೇಲೆ ನಮ್ಮ ಆದರ್ಶ ಹೊರಿಸುವ ಹಕ್ಕು ನನಗೆ ಎಲ್ಲಿಂದ ಬಂತು?

ಹಾಗಾದರೆ ಏನು ಮಾಡೋಣ?

ಒಂದು ಎಚ್ಚರಿಕೆ ಮೊದಲೇ ಹೇಳ್ತೇನೆ. ಆ ಮೂವತ್ತರೊಳಗೆ ಇರುವ ಮಗುವಿನ ಮೇಲೆ ಸಿಟ್ಟು ಬೇಡ. ಅಲ್ಲಿ ಕೂತ ಗೊಂಡರ ಮಗು, ಹಾಲಕ್ಕಿ ಮಗು, ಮೀನುಗಾರರ ಮಗು, ಮುಸ್ಲಿಮರ ಮಗು, ಬೆಳಗಾವಿ ಕಡೆಯಿಂದ ಕೂಲಿಗೆ ಬಂದವರ ಮಗು, ಯಾರೂ ನಮ್ಮ ಸೀಟು ಕಸಿದವರಲ್ಲ. ಭಟ್ಕಳದ ಮುಸ್ಲಿಮರು 1919ರಲ್ಲೇ ಅಂಜುಮನ್ ಕಟ್ಟಿಕೊಂಡು ಶಾಲೆ ಮಾಡಿದರು. 1953ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲೇ ಇಲ್ಲದ ಊರುಗಳಲ್ಲಿ ಹೈಸ್ಕೂಲು ತೆರೆದರು. ಅವರಿಂದ ಕಲಿಯುವುದಿದೆ. ಆದರೆ ಮುಕ್ರಿ ಕೇರಿಗೆ, ಹಳ್ಳೇರ ಕೇರಿಗೆ ಟ್ರಸ್ಟ್ ಕಟ್ಟುವ ಗಂಟು ಎಲ್ಲಿಂದ ಬರಬೇಕು? ನಮ್ಮ ಟ್ರಸ್ಟ್ ಅಂದರೆ ಸರಕಾರಿ ಶಾಲೆ. ಅದು ಹೋದರೆ ನಮಗೆ ಎರಡನೆಯದು ಇಲ್ಲ. ಆದ್ದರಿಂದ ಜಗಳ ಮೂವತ್ತನೆಯ ಮಗುವಿನ ಸಂಗಡ ಅಲ್ಲ, ಮೂವತ್ತಕ್ಕೆ ನಿಲ್ಲಿಸಿದವರ ಸಂಗಡ. ಅರ್ಜಿ ಅರವತ್ತು ಬಂದರೆ ಇನ್ನೊಂದು ವಿಭಾಗ ತೆರೆಯಿರಿ, ಇನ್ನೊಬ್ಬ ಶಿಕ್ಷಕರನ್ನು ಕೊಡಿ. ಪೇಟೆ ಶಾಲೆಯಲ್ಲಿ ಕೊಟ್ಟದ್ದನ್ನೇ ಕೇರಿ ಶಾಲೆಯಲ್ಲೂ ಕೊಡಿ. ನಮ್ಮ ಬೇಡಿಕೆ ಇಷ್ಟೇ, ಆದರೆ ಎರಡೂ ಒಟ್ಟಿಗೆ ಬೇಕು.

ಬೇಡಿಕೆ ಬರೀ ಘೋಷಣೆಯಲ್ಲಿ ಉಳಿಯಬಾರದು. ನೀವು ರಜೆಗೆ ಊರಿಗೆ ಹೋಗುತ್ತೀರಲ್ಲ, ಆಗ ಮಾಡುವ ಕೆಲಸ ಹೇಳ್ತೇನೆ.

ಒಂದು. ನಿಮ್ಮ ಕೇರಿಯ ಐದಾರು ವರ್ಷದ ಮಕ್ಕಳ ಪಟ್ಟಿ ಬರೆಯಿರಿ. ಪ್ರತಿ ಮನೆಯಿಂದ ಶಾಲೆಗೆ ಮಗುವಿನ ಹೆಜ್ಜೆಯಲ್ಲಿ ನಡೆದು ನೋಡಿ. ಎಷ್ಟು ನಿಮಿಷ, ಎಷ್ಟು ಸಂಕ, ಹೆದ್ದಾರಿ ಇದೆಯೋ, ಮಳೆಗಾಲದ ದಾರಿ ಯಾವುದು. ಇದು ನಮ್ಮ ನಕ್ಷೆ. ಅವರ ನಕ್ಷೆಯ ಮುಂದೆ ಇದನ್ನು ಇಡಿ.

ಎರಡು. ಪೇಟೆ ಶಾಲೆಯಲ್ಲಿ ಅರ್ಜಿ ಯಾವಾಗ ಶುರು ಅಂತ ಮೊದಲೇ ತಿಳಿದು ಕೇರಿಯಲ್ಲಿ ಮನೆಮನೆಗೆ ಹೇಳಿ. ಸುದ್ದಿ ತಡವಾಗಿ ಬರುವುದೂ ಒಂದು ಅಸ್ಪೃಶ್ಯತೆಯೇ. ಕಾಗದ ಇಲ್ಲ ಅಂತ ಯಾರಾದರೂ ತಿರುಗಿಸಿದರೆ ನೆನಪಿಡಿ: ವಯಸ್ಸಿನ ದಾಖಲೆ ಇಲ್ಲ ಅಂತ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ, ಕಾಯ್ದೆಯ 14ನೇ ಕಲಂ. ಮಗುವಿಗೋ ತಂದೆತಾಯಿಗೋ ಪರೀಕ್ಷೆ, ಸಂದರ್ಶನ ಮಾಡಿ ಆರಿಸುವಂತಿಲ್ಲ, 13ನೇ ಕಲಂ. ಆರಿಸಲೇಬೇಕಾಗಿ ಬಂದರೆ ಕಾಯ್ದೆ ಒಪ್ಪುವ ದಾರಿ ಎಲ್ಲರೆದುರು ಚೀಟಿ ಎತ್ತುವಂಥದ್ದು, ಮುಖ ನೋಡಿ ಆರಿಸುವುದಲ್ಲ.

ಮೂರು. ಆ ತಂಗಿಯ ಪ್ರಶ್ನೆಯನ್ನು ಕಾಗದದ ಮೇಲೆ ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಎಷ್ಟು ಅರ್ಜಿ ಬಂತು, ಎಷ್ಟು ಸೇರಿಸಿದಿರಿ, ಪರಿಶಿಷ್ಟರು ಎಷ್ಟು, ಉಳಿದವರನ್ನು ಯಾವ ಲೆಕ್ಕದ ಮೇಲೆ ಬಿಟ್ಟಿರಿ? ಮಕ್ಕಳ ಹೆಸರು ಬೇಡ, ಲೆಕ್ಕ ಸಾಕು. ಉತ್ತರ ಬಂದ ಮೇಲೆ ಮಾತಾಡೋಣ. ಅಂದಾಜಿನ ಮೇಲೆ ಬೈಯುವುದು ಸುಲಭ, ಅದರಿಂದ ಏನೂ ಹುಟ್ಟುವುದಿಲ್ಲ.

ನಾಲ್ಕು. ಎಸ್.ಡಿ.ಎಂ.ಸಿ. 2001ರಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳಿಗೆ ಈ ಸಮಿತಿ ಇದೆ. ಕಾಯ್ದೆ ಹೇಳುವ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ತಂದೆತಾಯಂದಿರೇ ಇರಬೇಕು, ಅರ್ಧ ಹೆಂಗಸರು ಇರಬೇಕು, ನಮ್ಮ ಜನರಿಗೆ ಮಕ್ಕಳ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು. ಎಷ್ಟೋ ಕಡೆ ನಮ್ಮವರ ಹೆಸರಿದೆ, ಹೆಬ್ಬೆಟ್ಟಿದೆ, ಮಾತಿಲ್ಲ. ನೀವು ಅವ್ವನ ಪಕ್ಕ ಕೂತು ಠರಾವು ಓದಿ ಹೇಳಿ. ಓದದೆ ಸಹಿ ಬೇಡ ಅನ್ನಿ.

ಐದು. ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಕಾಯ್ದೆಯ 32ನೇ ಕಲಂ ಪ್ರಕಾರ ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆಗದಿದ್ದರೆ ರಾಜ್ಯದ ಮಕ್ಕಳ ಹಕ್ಕು ಆಯೋಗಕ್ಕೆ ಹೋಗಬಹುದು. 1856ರಲ್ಲಿ ಧಾರವಾಡದ ಆ ಹುಡುಗನಿಗೆ ಯಾವ ಕಲಮೂ ಇರಲಿಲ್ಲ. ಆದರೂ ಬರೆದ. ನಮಗೆ ಇಷ್ಟು ಕಲಂ ಇದೆ. ಬರೆಯದಿದ್ದರೆ ನಾವು ಓದಿದ್ದು ಯಾಕೆ?

ಕೊನೆಯ ಮಾತು. ಆ ತಂಗಿಯ ಮಗ ಈಗ ನಮ್ಮ ಕೇರಿ ಶಾಲೆಯಲ್ಲೇ ಇದ್ದಾನೆ. ಗೆದ್ದ ಕತೆ ಹೇಳೂಕೆ ನಾನು ಬಂದಿಲ್ಲ. ಅರ್ಜಿ ಕೊಟ್ಟಿದ್ದೇವೆ, ಉತ್ತರ ಕಾಯುತ್ತಿದ್ದೇವೆ. ಸಂಜೆ ಹೊತ್ತು ನಮ್ಮ ಇಬ್ಬರು ಹುಡುಗಿಯರು, ಪಿ.ಯು. ಓದುವವರು, ಅಲ್ಲಿ ಮಕ್ಕಳಿಗೆ ಇಂಗ್ಲಿಷ್ ಅಕ್ಷರ, ಲೆಕ್ಕ ಹೇಳಿಕೊಡುತ್ತಿದ್ದಾರೆ. ಅದು ಸರಕಾರ ಮಾಡಬೇಕಾದ ಕೆಲಸ, ಇವರ ಕೆಲಸ ಅಲ್ಲ. ಆದರೆ ಸರಕಾರ ಏಳುವ ತನಕ ಮಗು ಆರು ವರ್ಷದಲ್ಲೇ ನಿಂತು ಕಾಯುವುದಿಲ್ಲ.

ಮೊನ್ನೆ ಆ ತಂಗಿ ಪೇಟೆಯಲ್ಲಿ ಸಿಕ್ಕಳು. ಬುಟ್ಟಿ ಖಾಲಿ ಆಗಿತ್ತು. "ಅಣ್ಣಾ, ಲೆಕ್ಕ ಬಂತಾ?" ಅಂತ ಕೇಳಿದಳು. ಇನ್ನೂ ಇಲ್ಲ ಅಂದೆ. "ಬಿಡ್ಬೇಡ" ಅಂದಳು.

ಅವಳು ನನಗೆ ಹೇಳಿದ್ದನ್ನೇ ನಾನು ನಿಮಗೆ ಹೇಳಿ ಕೂರ್ತೇನೆ. ಬಿಡಬೇಡಿ.

ಜೈ ಭೀಮ್.